ತಿದ್ದಿದ ಕಡೆ ಸಣ್ಣ ಸಹಿ

ನಮ್ಮ ಮನೆಯಲ್ಲಿ ದಬ್ಬಣಕ್ಕೆ ಒಂದು ಖಾಯಂ ಜಾಗವಿತ್ತು. ನಡುಮನೆಯ ಕ್ಯಾಲೆಂಡರಿನ ಕೆಳತುದಿಯಲ್ಲಿ ಅಪ್ಪ ಅದನ್ನು ಚುಚ್ಚಿಟ್ಟಿರುತ್ತಿದ್ದ. ಪಕ್ಕದ ಮೊಳೆಗೆ ಬಿಳಿ ದಾರದ ಉಂಡೆ. ಅಮ್ಮ ಅಕ್ಕಿಚೀಲ ಹೊಲಿಯಲು ಆ ದಬ್ಬಣ ಮುಟ್ಟಿದಳೋ, ಮನೆಯಲ್ಲಿ ಸಣ್ಣ ಕುರುಕ್ಷೇತ್ರ. "ಅದು ಕೋರ್ಟ್ ದಬ್ಬಣ ಮಾರಾಯ್ತಿ, ಚೀಲಕ್ಕೆ ಬೇರೆ ತಗೋ" ಎನ್ನುತ್ತಿದ್ದ ಅಪ್ಪ. ಕೋರ್ಟ್ ದಬ್ಬಣಕ್ಕೇನು ಕೊಂಬಿತ್ತೇ ಎಂದು ಅಮ್ಮ ಗೊಣಗುತ್ತಿದ್ದಳು.

ಅಪ್ಪ ಭದ್ರಾವತಿಯಲ್ಲಿ ಒಬ್ಬ ವಕೀಲರ ಗುಮಾಸ್ತ. ದಾವೆಯ ಕಾಗದಗಳನ್ನು ಟೈಪ್ ಮಾಡಿಸಿ, ಪುಟಸಂಖ್ಯೆ ಹಾಕಿ, ಎಡ ಅಂಚಿನಲ್ಲಿ ಮೂರು ತೂತು ಕೊರೆದು ದಾರದಲ್ಲಿ ಹೊಲಿದು, ಸ್ಟಾಂಪು ಅಂಟಿಸಿ ಕೋರ್ಟಿನ ಕಚೇರಿಗೆ ಒಪ್ಪಿಸುವುದು ಅವನ ಕೆಲಸ. ವಿಚಾರಣೆ ಮುಂದಕ್ಕೆ ಹೋದರೆ ಮುಂದಿನ ವಾಯ್ದೆ ಯಾವತ್ತೆಂದು ಡೈರಿಯಲ್ಲಿ ಬರೆಯುವುದೂ ಅವನೇ. ಕಕ್ಷಿದಾರರು ಬಂದರೆ ಬೆಂಚಿನ ಮೇಲೆ ಕೂರಿಸಿ, ನೀರು ಕೊಟ್ಟು, ಅವರ ಗೋಳು ಕೇಳುವುದೂ ಅವನೇ. ವಕೀಲರು ಕೇಳುವುದಕ್ಕೆ ಮೊದಲು ಆ ಗೋಳನ್ನೆಲ್ಲ ಅಪ್ಪ ಕೇಳಿರುತ್ತಿದ್ದ. ಆದರೆ ಅದರ ಬಗ್ಗೆ ನಿನಗೇನನ್ನಿಸುತ್ತದೆ ಎಂದು ಅವನನ್ನು ಯಾರೂ ಕೇಳುತ್ತಿರಲಿಲ್ಲ.

ಜನ್ನಾಪುರದಲ್ಲಿ ನಮ್ಮ ಸುತ್ತಮುತ್ತ ಎಲ್ಲ ಕಾರ್ಖಾನೆಯವರು. ಸೈರನ್ ಕೂಗಿದರೆ ಬೀದಿಯ ಗಂಡಸರೆಲ್ಲ ಸೈಕಲ್ ಹತ್ತುತ್ತಿದ್ದರು, ಅಪ್ಪನೊಬ್ಬನೇ ಬಗಲಲ್ಲಿ ಫೈಲು ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ. ಪಕ್ಕದ ಮನೆಯ ತಮಿಳು ಅಜ್ಜಿ ಅವನನ್ನು 'ಲಾಯರ್ ಸಾರ್' ಎಂದೇ ಕರೆಯುತ್ತಿದ್ದಳು. ಅಪ್ಪ ಪ್ರತಿ ಸಲವೂ "ಲಾಯರ್ ಅಲ್ಲ ಪಾಟಿ, ಗುಮಾಸ್ತ" ಎಂದು ತಿದ್ದುತ್ತಿದ್ದ. ಅಜ್ಜಿ "ಸರಿ ಲಾಯರ್ ಸಾರ್" ಎನ್ನುತ್ತಿದ್ದಳು.

ಅಪ್ಪನಿಗೆ ಎರಡು ನಿಯಮಗಳಿದ್ದವು. ಒಂದು, ಅರ್ಜಿಯಲ್ಲಿ ಯಾವ ಕಾಲಮ್ಮನ್ನೂ ಖಾಲಿ ಬಿಡಬಾರದು. ಎರಡು, ಬರೆದದ್ದು ತಪ್ಪಾದರೆ ಕೆರೆಯಬಾರದು, ಬಿಳಿ ಬಳಿಯಬಾರದು. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು. "ತಪ್ಪು ಎಲ್ರೂ ಮಾಡ್ತಾರೆ. ತಿದ್ದಿದ್ದು ನಾನೇ ಅಂತ ಒಪ್ಕೊಂಡ್ರೆ ಮುಗೀತು" ಎನ್ನುತ್ತಿದ್ದ. ನನ್ನ ಶಾಲೆಯ ಲೆಕ್ಕದ ಪುಸ್ತಕದಲ್ಲೂ ತಿದ್ದಿದ ಕಡೆಯೆಲ್ಲ ನನ್ನ ಸಣ್ಣ ಸಹಿಯಿರುತ್ತಿತ್ತು. ಮೇಷ್ಟ್ರು ನಗುತ್ತಿದ್ದರು.

ನಾನು ಲಾ ಓದಬೇಕೆಂದು ಹಟ ಹಿಡಿದವನೂ ಅಪ್ಪನೇ. ದಿನಾ ಬೆಳಿಗ್ಗೆ ಜನ್ನಾಪುರದಿಂದ ಹೊರಟು, ಬಸ್ ಬದಲಿಸಿ, ತುಂಗೆಯ ಸೇತುವೆ ದಾಟಿ ಶಿವಮೊಗ್ಗದ ಕಾಲೇಜು ಸೇರುತ್ತಿದ್ದೆ. ಅಲ್ಲಿ ಸೇರುವಾಗಲೇ ಒಂದು ಸಣ್ಣ ಕಳ್ಳತನ ಮಾಡಿದ್ದೆ. ತಂದೆಯ ಉದ್ಯೋಗ ಎಂಬ ಕಾಲಮ್ಮಿನಲ್ಲಿ 'ಲೀಗಲ್ ಪ್ರೊಫೆಷನ್' ಎಂದು ಬರೆದಿದ್ದೆ. ನನ್ನ ತರಗತಿಯಲ್ಲಿ ಅರ್ಧಕ್ಕರ್ಧ ವಕೀಲರ ಮಕ್ಕಳು, ಉಳಿದವರು ತೋಟ, ಅಂಗಡಿ, ಮಂಡಿಯ ಮನೆಯವರು. "ನಿಮ್ಮಪ್ಪ ಎಲ್ಲಿ ಪ್ರಾಕ್ಟೀಸು?" ಎಂದು ಯಾರಾದರೂ ಕೇಳಿದರೆ "ಭದ್ರಾವತಿ ಕೋರ್ಟು" ಎಂದು ಮಾತು ಮುಗಿಸುತ್ತಿದ್ದೆ. ಸುಳ್ಳೂ ಅಲ್ಲ, ನಿಜವೂ ಅಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಕೊನೆಯ ವರ್ಷದ ರಜೆಯಲ್ಲಿ ನಮ್ಮ ಲೆಕ್ಚರರ್ ಮೇಡಂ ನನ್ನನ್ನು ಬೆಂಗಳೂರಿನ ಒಂದು ದೊಡ್ಡ ಲಾ ಫರ್ಮಿಗೆ ಒಂದು ತಿಂಗಳು ಕಲಿಯಲು ಕಳಿಸಿದರು. ಗಾಜಿನ ಗೋಡೆ, ಮೆತ್ತನೆಯ ಕಾರ್ಪೆಟ್ಟು, ಜೂನ್ ತಿಂಗಳಲ್ಲೂ ಸ್ವೆಟರ್ ಬೇಕೆನ್ನಿಸುವ ಏಸಿ. ಕಂಪನಿಯೊಂದು ಕೊಳ್ಳಲಿರುವ ಜಮೀನಿನ ಹಳೆಯ ಕಾಗದಗಳನ್ನು ಓದಿ ಪಟ್ಟಿಯಲ್ಲಿ ಗುರುತು ಹಾಕುವುದು ನನ್ನ ಕೆಲಸ. ಪಹಣಿ, ಪೋಡಿ, ಹಕ್ಕು ಬಿಡುಗಡೆ ಪತ್ರ ಎಲ್ಲ ಅಪ್ಪನ ದೆಸೆಯಿಂದ ನನಗೆ ಚಿಕ್ಕಂದಿನಿಂದ ಗೊತ್ತಿದ್ದವು. ಬೇರೆಯವರು ಮೂರು ದಿನ ತೆಗೆದುಕೊಳ್ಳುವುದನ್ನು ನಾನು ಒಂದು ದಿನದಲ್ಲಿ ಮುಗಿಸುತ್ತಿದ್ದೆ. ಅವರಿಗೆ ಖುಷಿಯೋ ಖುಷಿ. ಪರೀಕ್ಷೆ ಮುಗಿಸಿ ಬಂದು ಸೇರಿಕೋ, ತಿಂಗಳೊಳಗೆ ಉತ್ತರ ಹೇಳು ಎಂದರು.

ಅವರು ಒಳ್ಳೆಯವರೇ. ಇದನ್ನು ಹೇಳಲೇಬೇಕು, ಯಾಕೆಂದರೆ ದೊಡ್ಡ ಫರ್ಮು ಎಂದರೆ ರಾಕ್ಷಸರ ಕೋಟೆ ಎಂಬಂತೆ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ಒಂದು ದಿನ ಒಂದು ಹಕ್ಕು ಬಿಡುಗಡೆ ಪತ್ರದ ಕೆಳಗೆ ಒಬ್ಬ ವಿಧವೆಯ ಹೆಬ್ಬೆಟ್ಟಿನ ಗುರುತು ಕಂಡೆ. ಮಸಿ ಹರಡಿ, ಅರ್ಧ ಹೆಬ್ಬೆಟ್ಟು ಮಾತ್ರ ಮೂಡಿತ್ತು. ಆಕೆಗೆ ಯಾರಾದರೂ ಓದಿ ಹೇಳಿದ್ದರೇ ಎಂದು ಪಕ್ಕದ ಹಿರಿಯ ಸಹೋದ್ಯೋಗಿಯನ್ನು ಕೇಳಿದೆ. ಆತ ಮೆಲ್ಲಗೆ ನಕ್ಕು, ಅದು ನಮ್ಮ ಪಟ್ಟಿಯಲ್ಲಿಲ್ಲ ಎಂದ. ನಿಜ, ಪಟ್ಟಿಯಲ್ಲಿರಲಿಲ್ಲ. ಆ ಅರ್ಧ ಹೆಬ್ಬೆಟ್ಟು ಮಾತ್ರ ನನ್ನ ಜೊತೆ ಭದ್ರಾವತಿಯವರೆಗೂ ಬಂತು.

ಬೇಡ ಅನ್ನಲು ಧೈರ್ಯವಿಲ್ಲ, ಹೂಂ ಅನ್ನಲು ಮನಸ್ಸಿಲ್ಲ. ಮೇಡಂ ಹತ್ತಿರ ಹೋಗಿ ಅತ್ತುಕೊಂಡೆ. ಅವರು ಎದ್ದು ಹೋಗಿ ನೋಟಿಸ್ ಬೋರ್ಡಿನಿಂದ ಒಂದು ಕಾಗದ ಬಿಚ್ಚಿ ತಂದರು. ಹೈಕೋರ್ಟಿನ ನ್ಯಾಯಮೂರ್ತಿಗಳಿಗೆ ಲಾ ಕ್ಲರ್ಕುಗಳು ಬೇಕಾಗಿದ್ದಾರೆ, ಒಂದು ವರ್ಷದ ಅವಧಿ.

"ನಿಂಗೆ ಏನು ಬೇಕು ಅಂತ ನಿಂಗೇ ಗೊತ್ತಿಲ್ಲ. ಗೊತ್ತಿಲ್ದೆ ಇರೋರು ಒಂದ್ವರ್ಷ ಜಡ್ಜ್ ಪಕ್ಕ ಕೂತು ನೋಡ್ಬೇಕು ಕಣೆ. ಅರ್ಜಿ ಹಾಕು" ಎಂದರು. ಆ ವರ್ಷದಲ್ಲಿ ವಕೀಲಿ ಮಾಡುವಂತಿಲ್ಲ, ವರ್ಷ ಮುಗಿದ ಮೇಲೆ ಕೆಲಸದ ಭರವಸೆಯೂ ಇಲ್ಲ, ಫರ್ಮಿನವರು ಅಲ್ಲಿಯವರೆಗೆ ಕಾಯುವುದೂ ಇಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

ಆ ಕಾಗದದ ಜೆರಾಕ್ಸ್ ಮಾಡಿಸಿ ಮನೆಗೆ ತಂದೆ. ಅಪ್ಪನಿಗೆ ಬರುತ್ತಿದ್ದ ಇಂಗ್ಲಿಷ್ ಕೋರ್ಟಿನ ಇಂಗ್ಲಿಷ್ ಮಾತ್ರ. ಕನ್ನಡಕ ಏರಿಸಿಕೊಂಡು ಓದತೊಡಗಿದವನು ಎರಡನೇ ಸಾಲಿಗೇ ನಿಂತ.

"ಕ್ಲರ್ಕಾ?" ಎಂದ.

"ಹೂಂ ಅಪ್ಪ, ಲಾ ಕ್ಲರ್ಕು. ಹೈಕೋರ್ಟಲ್ಲಿ."

"ಹೈಕೋರ್ಟಾದ್ರೇನು, ವಿಧಾನಸೌಧ ಆದ್ರೇನು. ಗುಮಾಸ್ತ ಗುಮಾಸ್ತನೇ."

"ಅಪ್ಪ, ಅದು ಹಂಗಲ್ಲ..."

"ನೋಡಮ್ಮ, ನಾನು ಇಪ್ಪತ್ತೆಂಟು ವರ್ಷ ಕೋಟು ಹಾಕ್ಕೊಂಡೋರ ಹಿಂದೆ ಫೈಲು ಹೊತ್ಕೊಂಡು ನಡೆದಿದೀನಿ. ನಂಗೆ ಅದ್ರಲ್ಲಿ ಬೇಜಾರಿಲ್ಲ. ಆದ್ರೆ ನಿಂಗೆ ಕೋಟು ಹಾಕಿಸ್ಬೇಕು ಅಂತ ಓದಿಸಿದ್ದು. ಅಷ್ಟು ದೊಡ್ಡ ಫರ್ಮಿನೋರು ಬಾ ಅಂತಿದಾರೆ. ಅದನ್ನ ಬಿಟ್ಟು ನನ್ನ ಕೆಲ್ಸಕ್ಕೇ ಅರ್ಜಿ ಹಾಕ್ತೀಯಾ?"

ನನಗೆ ಮೂಗಿನ ತುದಿಯಲ್ಲೇ ಕೋಪ. "ನಿನ್ನ ಕೆಲ್ಸಕ್ಕೂ ಅದಕ್ಕೂ ಏನು ಸಂಬಂಧ? ನೀನು ಬರೀ ಹೊಲಿಯೋನು, ಅವ್ರು ಓದೋರು" ಎಂದುಬಿಟ್ಟೆ. ಅಮ್ಮ ಅಡಿಗೆಮನೆಯಿಂದ ತಲೆ ಹೊರಹಾಕಿ ನನ್ನನ್ನು ದುರುಗುಟ್ಟಿ ನೋಡಿದಳು. ಅಪ್ಪ ಕಾಗದವನ್ನು ಮಡಚಿದ್ದ ಗೆರೆಯಲ್ಲೇ ಮತ್ತೆ ಮಡಚಿ ಮೇಜಿನ ಮೇಲಿಟ್ಟ.

ಮರುದಿನ ಅವನು ಈ ಸಂಕಟವನ್ನು ತನ್ನ ವಕೀಲರ ಹತ್ತಿರ ಹೇಳಿಕೊಂಡಿದ್ದಾನೆ. ಅವರು ಕೆಟ್ಟವರಲ್ಲ, ಆದರೆ ತಮಾಷೆ ಎಂದರೆ ಹಿಂದೆ ಮುಂದೆ ನೋಡುವವರಲ್ಲ. ಕೋರ್ಟಿನ ಆವರಣದಲ್ಲಿ ಹತ್ತು ಜನರ ಮುಂದೆ, "ಏನಯ್ಯಾ, ನಿನ್ನ ಮಗಳು ನಿನ್ನ ಪೋಸ್ಟಿಗೇ ಕಣ್ಣು ಹಾಕಿದಾಳಂತೆ?" ಎಂದರಂತೆ. ಎಲ್ಲರೂ ನಕ್ಕರಂತೆ. ಅಪ್ಪ ಆ ಸಂಜೆ ಊಟ ಮಾಡಲಿಲ್ಲ. ಎರಡು ದಿನ ನನ್ನೊಡನೆ ಮಾತಿಲ್ಲ. ನಾನೂ ಮಾತಾಡಿಸಲಿಲ್ಲ. ಅವನ ಕೋಪ ನನಗೆ ಬಂದಿರುವಾಗ ಅವನ ಹಟ ಬರದೆ ಇರುತ್ತದೆಯೇ.

ಮೂರನೆಯ ದಿನ ಶನಿವಾರ. ಅಪ್ಪ ಕೋರ್ಟಿನಿಂದ ಬಂದವನೇ ಚಪ್ಪಲಿ ಬಿಡುವುದನ್ನೂ ಮರೆತು ನನ್ನ ಮುಂದೆ ಬಂದು ನಿಂತ. ಕೋರ್ಟಿನ ಶಿರಸ್ತೇದಾರರನ್ನು ಹೋಗಿ ವಿಚಾರಿಸಿದ್ದನಂತೆ. ಕಚೇರಿಯ ಮುಖ್ಯಸ್ಥರಾದ ಅವರು ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದ್ದರಂತೆ.

"ಜಡ್ಜ್ ಸಾಹೇಬ್ರು ಓದೋಕ್ ಮುಂಚೆ ಫೈಲು ನೀನು ಓದ್ತೀಯಂತೆ, ಹೌದಾ?"

"ಹೌದಪ್ಪ."

"ಓದಿ, ಇದ್ರಲ್ಲಿ ಹಿಂಗಿಂಗಿದೆ ಅಂತ ಬರ್ಕೊಡ್ತೀಯಂತೆ. ನಿಂಗೇನನ್ಸುತ್ತೆ ಅಂತ ಅವ್ರು ಕೇಳ್ತಾರಂತೆ?"

"ಕೇಳ್ತಾರಂತೆ."

ಅಪ್ಪ ಅಲ್ಲೇ ಕುರ್ಚಿಯಲ್ಲಿ ಕೂತ. "ಕೇಳ್ತಾರಾ..." ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಇಪ್ಪತ್ತೆಂಟು ವರ್ಷ ಎಷ್ಟೊಂದು ಫೈಲುಗಳ ಒಳಗಿನದೆಲ್ಲ ತಿಳಿದಿದ್ದರೂ ನಿನಗೇನನ್ನಿಸುತ್ತದೆ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಅವನ ಮುಖ ನೋಡಿ ನನಗೆ ನನ್ನ ನಾಲಿಗೆ ಕಚ್ಚಿಕೊಳ್ಳಬೇಕೆನ್ನಿಸಿತು. ಬರೀ ಹೊಲಿಯೋನು ಎಂದಿದ್ದೆನಲ್ಲ.

"ಆದ್ರೂ ಒಂದ್ವರ್ಷ ಅಷ್ಟೆ ಅಪ್ಪ. ಆಮೇಲೆ ಏನೂಂತ ಗೊತ್ತಿಲ್ಲ" ಎಂದೆ.

"ಒಂದ್ವರ್ಷದ ವಾಯ್ದೆ ಅಂದ್ಕೋ. ವಾಯ್ದೆ ಕೇಳೋದು ಸೋಲಲ್ಲಮ್ಮ. ತಯಾರಿ ಇಲ್ದೆ ವಾದಕ್ಕೆ ನಿಲ್ಲೋದು ಸೋಲು. ಫಾರಂ ತುಂಬು, ನಾಳೆ ಹೊಲಿದು ಕೊಡ್ತೀನಿ."

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕ್ಯಾಲೆಂಡರಿನಿಂದ ದಬ್ಬಣ ಕಿತ್ತುಕೊಂಡು ಚಾಪೆಯ ಮೇಲೆ ಕೂತ. ಅಂಕಪಟ್ಟಿ, ಮೇಡಂ ಕೊಟ್ಟ ಪತ್ರ, ಫರ್ಮಿನ ಸರ್ಟಿಫಿಕೇಟು ಎಲ್ಲಕ್ಕೂ ಕೆಂಪು ಮಸಿಯಲ್ಲಿ ಪುಟಸಂಖ್ಯೆ ಹಾಕಿದ. ಆಮೇಲೆ ಬ್ಯಾಗಿನಿಂದ ಒಂದು ಕೋರ್ಟ್ ಫೀ ಸ್ಟಾಂಪ್ ತೆಗೆದು ಅರ್ಜಿಯ ನೆತ್ತಿಗೆ ಅಂಟಿಸಿಬಿಟ್ಟ!

"ಅಯ್ಯೋ ಅಪ್ಪ! ಇದು ದಾವೆ ಅಲ್ಲ, ಕೆಲಸದ ಅರ್ಜಿ. ಸ್ಟಾಂಪ್ ಯಾಕೆ?"

"ರಿಜಿಸ್ಟ್ರಾರ್‌ಗೆ ತಾನೆ ಹೋಗೋದು? ಸ್ಟಾಂಪಿಲ್ಲ ಅಂತ ಆಕ್ಷೇಪಣೆ ಹಾಕಿ ವಾಪಸ್ ಕಳಿಸಿದ್ರೆ? ನಿಂಗೆ ಗೊತ್ತಿಲ್ಲ ಆಫೀಸ್‌ನೋರ ಬುದ್ಧಿ."

ಅಮ್ಮ ಅಕ್ಕಿರೊಟ್ಟಿ ತಟ್ಟುತ್ತಾ ಒಳಗಿನಿಂದಲೇ ನಕ್ಕಳು. ನಾನೂ ನಕ್ಕೆ. ಮೂರು ದಿನದ ಮೇಲೆ ಮನೆಯಲ್ಲಿ ನಗು ಕೇಳಿಸಿತ್ತು. ಅಪ್ಪ ಎಂದಿನಂತೆ ಕಾಲಮ್ಮುಗಳನ್ನು ಒಂದೊಂದಾಗಿ ಬೆರಳಿಟ್ಟು ಓದಲು ಶುರುಮಾಡಿದ. ಹೆಸರು, ವಿಳಾಸ, ಹುಟ್ಟಿದ ದಿನ. ಆರನೇ ಕಾಲಮ್ಮಿಗೆ ಬಂದಾಗ ಬೆರಳು ನಿಂತಿತು.

ತಂದೆಯ ಉದ್ಯೋಗ. ಐದು ವರ್ಷದ ಅಭ್ಯಾಸಬಲ, ಕೈ ತಾನಾಗಿಯೇ ಬರೆದಿತ್ತು: ಲೀಗಲ್ ಪ್ರೊಫೆಷನ್.

ಅಪ್ಪ ತಲೆ ಎತ್ತಲಿಲ್ಲ. "ಇದು ಸರಿ ಇದೆಯೇನಮ್ಮ?" ಎಂದ.

ಆಗಲೇ ಒಂದು ಗೆರೆ ಎಳೆದು ಸಣ್ಣ ಸಹಿ ಹಾಕಬಹುದಿತ್ತು. "ಸರಿ ಇದೆ ಅಪ್ಪ" ಎಂದೆ.

"ಸರಿ ಹಾಗಾದ್ರೆ" ಎಂದು ದಾರ ಪೋಣಿಸಿದ. ಮೂರು ತೂತು, ಹಿಂದಿನಿಂದ ಮುಂದಕ್ಕೆ, ಮತ್ತೆ ಹಿಂದಕ್ಕೆ, ಕೊನೆಗೆ ಜೋಡಿ ಗಂಟು. ಯಾವತ್ತಿಗಿಂತ ನಿಧಾನವಾಗಿ ಹೊಲಿದ. ಸೋಮವಾರ ತಾನೇ ರಿಜಿಸ್ಟರ್ ಪೋಸ್ಟ್ ಮಾಡಿ ರಶೀದಿ ತಂದು ಕೊಟ್ಟ. ಪಕ್ಕದ ಮನೆಯ ಪಾಟಿಗೆ ಪ್ರತಿ ಸಲವೂ ತಾನು ಗುಮಾಸ್ತ ಎಂದು ಹೇಳುತ್ತಿದ್ದ ಮನುಷ್ಯ, ಮಗಳು ಬರೆದ ಸುಳ್ಳನ್ನು ಒಂದು ಮಾತೂ ಆಡದೆ ತನ್ನ ಕೈಯಾರೆ ಹೊಲಿದು ಕಳಿಸಿದ್ದ. ಕಾಲೇಜಿಗೆ ಹೋಗುವ ಬಸ್ಸು ಮಲವಗೊಪ್ಪ ದಾಟುವಾಗ ಇದು ಹೊಳೆದು ಕಣ್ಣು ತುಂಬಿತು. ಪಕ್ಕದಲ್ಲಿ ಕೂತ ಹೆಂಗಸು ಧೂಳೇನಮ್ಮ ಎಂದು ಕಿಟಕಿ ಎಳೆದಳು.

ಫರ್ಮಿನವರಿಗೆ ಕೊಡಬೇಕಾದ ಉತ್ತರಕ್ಕೆ ಇನ್ನು ಐದು ದಿನ ಉಳಿದಿರುವಾಗ ಹೈಕೋರ್ಟಿನಿಂದ ಸಂದರ್ಶನದ ಕರೆ ಬಂತು. ನ್ಯಾಯಮೂರ್ತಿಗಳ ಚೇಂಬರಿನ ಹೊರಗೆ ಕೂತಿದ್ದವರೆಲ್ಲರ ಕೈಯಲ್ಲಿ ಹೊಳೆಯುವ ಪ್ಲಾಸ್ಟಿಕ್ ಫೈಲು, ಬಾಯಲ್ಲಿ ಗರಿಗರಿ ಇಂಗ್ಲಿಷು. ನನ್ನ ಸರದಿ ಬಂತು. ನ್ಯಾಯಮೂರ್ತಿಗಳು ಮೊದಲು ಕಾನೂನಿನ ನಾಲ್ಕು ಪ್ರಶ್ನೆ ಕೇಳಿದರು. ಎರಡಕ್ಕೆ ಸರಿ ಹೇಳಿದೆ, ಒಂದಕ್ಕೆ ತಪ್ಪು, ಇನ್ನೊಂದಕ್ಕೆ ಗೊತ್ತಿಲ್ಲ ಎಂದೆ. ಆಮೇಲೆ ಅರ್ಜಿಯನ್ನು ಎತ್ತಿಕೊಂಡು, ಹೆಬ್ಬೆರಳಿನಲ್ಲಿ ಅದರ ಅಂಚು ಸವರಿ, ಕನ್ನಡಕ್ಕೆ ತಿರುಗಿದರು.

"ಕೆಲಸದ ಅರ್ಜಿಗೆ ಕೋರ್ಟ್ ಫೀ ಕಟ್ಟಿದವರನ್ನ ಇವತ್ತೇ ನೋಡಿದ್ದು. ಹೊಲಿಗೆಯೂ ಬಹಳ ಚೆನ್ನಾಗಿದೆ. ಯಾರಮ್ಮ ಮಾಡಿದ್ದು?"

"ನಮ್ಮ ತಂದೆ, ಸರ್."

ಅವರು ಆರನೇ ಕಾಲಮ್ ನೋಡಿದರು. "ಓ, ತಂದೆ ವಕೀಲರೋ?"

ಹೂಂ ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಯಾರೂ ಭದ್ರಾವತಿಗೆ ಬಂದು ವಿಚಾರಿಸುತ್ತಿರಲಿಲ್ಲ. ಆದರೆ ಅವರ ಹೆಬ್ಬೆರಳು ಇನ್ನೂ ಆ ಜೋಡಿ ಗಂಟಿನ ಮೇಲೇ ಇತ್ತು.

"ಅಲ್ಲ ಸರ್. ನಮ್ಮಪ್ಪ ವಕೀಲರ ಗುಮಾಸ್ತ. ಅಲ್ಲಿ ಬರೆದಿರೋದು ಸರಿಯಿಲ್ಲ. ನಾನೇ ಬರೆದಿದ್ದು. ತಿದ್ದಬೇಕು."

ಸುಳ್ಳು ಬರೆದವಳು ಎಂದು ಹೊರಗೆ ಕಳಿಸುತ್ತಾರೆಂದೇ ತಿಳಿದೆ. ಅವರು ತಮ್ಮ ಪೆನ್ನಿನ ಕ್ಯಾಪ್ ತೆಗೆದು, ಅರ್ಜಿಯ ಜೊತೆಗೆ ನನ್ನ ಕಡೆ ಸರಿಸಿದರು. ನಾನು ತಪ್ಪಿನ ಮೇಲೆ ಒಂದೇ ಗೆರೆ ಎಳೆದೆ. ಮೇಲೆ 'ವಕೀಲರ ಗುಮಾಸ್ತ' ಎಂದು ಕನ್ನಡದಲ್ಲೇ ಬರೆದೆ, ಇಂಗ್ಲಿಷಿನಲ್ಲಿ ಬರೆದಿದ್ದರೆ ಮತ್ತೆಲ್ಲಿ ಬಣ್ಣ ಹಚ್ಚಿಬಿಡುತ್ತಿದ್ದೆನೋ. ಪಕ್ಕದಲ್ಲಿ ಸಣ್ಣ ಸಹಿ ಹಾಕಿದೆ. ಅವರು ಅದನ್ನು ನೋಡಿ, "ಇದನ್ನೂ ಅವರೇ ಕಲಿಸಿದ್ದೋ?" ಎಂದರು. ಹೌದು ಎಂದೆ. "ಸರಿ, ಹೋಗಿ ಬಾ" ಎಂದರು.

ಹೊರಗೆ ಬಂದು ಬೂತಿನಿಂದ ವಕೀಲರ ಆಫೀಸಿಗೆ ಫೋನ್ ಮಾಡಿದೆ. ಅಪ್ಪನೇ ಎತ್ತಿಕೊಂಡ. ತಿದ್ದಿದ ಸಂಗತಿ ಹೇಳಬೇಕೆಂದೇ ಮಾಡಿದ್ದು, ಬಾಯಿ ಬರಲಿಲ್ಲ. "ಹೊಲಿಗೆ ಚೆನ್ನಾಗಿದೆ ಅಂದ್ರಪ್ಪ" ಎಂದೆ. ಅವನು "ಸ್ಟಾಂಪ್ ಬಿಟ್ಕೊಂಡಿರ್ಲಿಲ್ಲ ತಾನೆ?" ಎಂದ.

ಕೆಲಸ ಸಿಕ್ಕಿತು. ಫರ್ಮಿಗೆ ವಿನಯದಿಂದ ಕಾಗದ ಬರೆದೆ. ಆ ವರ್ಷದಲ್ಲಿ ನಾನು ಹೆಚ್ಚಾಗಿ ಮಾಡಿದ್ದು ಓದುವುದನ್ನೇ. ಬೆಳಿಗ್ಗೆ ಫೈಲಿನ ಸಾರಾಂಶ ಒಪ್ಪಿಸಿದರೆ ನ್ಯಾಯಮೂರ್ತಿಗಳು ಕಾನೂನಿಗಿಂತ ಮೊದಲು ಕೇಳುತ್ತಿದ್ದ ಪ್ರಶ್ನೆ, ಈ ಕಕ್ಷಿದಾರರು ಸಾಕ್ಷಿಕಟ್ಟೆಯಲ್ಲಿ ಏನು ಹೇಳಿದ್ದಾರೆ ಎಂಬುದು. ಫರ್ಮಿನ ಗಾಜಿನ ಕೋಣೆಯಲ್ಲಿ ನಾನು ಕೇಳಿದ್ದ ಪ್ರಶ್ನೆಗೆ ಇಲ್ಲಿ ಜಾಗವಿತ್ತು. ಹಾಗೆಂದು ಎಲ್ಲ ದಿನವೂ ಹಬ್ಬವಲ್ಲ. ಎಷ್ಟೋ ಫೈಲುಗಳಲ್ಲಿ ಗೆದ್ದವ ಸೋತಿದ್ದ, ಸೋತವ ಸತ್ತಿದ್ದ. ನನ್ನ ಸಾರಾಂಶ ಸರಿಯಿಲ್ಲವೆಂದು ಬೈಸಿಕೊಂಡು ಅತ್ತದ್ದೂ ಉಂಟು.

ಒಂದು ಮಧ್ಯಾಹ್ನ ಮೇಲ್ಮನವಿಯೊಂದರ ಜೊತೆಗೆ ಕೆಳಕೋರ್ಟಿನಿಂದ ಬಂದ ದಾಖಲೆಯ ಕಟ್ಟು ಬಿಚ್ಚಿದೆ. ಎಡ ಅಂಚಿನಲ್ಲಿ ಮೂರು ತೂತು, ಜೋಡಿ ಗಂಟು, ಕೆಂಪು ಮಸಿಯ ಪುಟಸಂಖ್ಯೆ. ಅಪ್ಪ! ಹತ್ತು ವರ್ಷದ ಹಿಂದೆ, ನಾನು ಹೈಸ್ಕೂಲಿನಲ್ಲಿದ್ದಾಗ, ನಮ್ಮ ನಡುಮನೆಯ ಚಾಪೆಯ ಮೇಲೆ ಹೊಲಿದ ಕಾಗದ. ಅದರ ಮೇಲೆ ಕೈಯಿಟ್ಟು ಕೂತುಬಿಟ್ಟೆ. ಆಮೇಲೆ ಒಂದು ಪುಟವನ್ನೂ ಓದದೆ ಕಟ್ಟಿ, ಇದು ನಮ್ಮಪ್ಪನ ವಕೀಲರ ಕೇಸು, ನಾನು ಮುಟ್ಟಬಾರದು ಎಂದು ನ್ಯಾಯಮೂರ್ತಿಗಳಿಗೆ ತಿಳಿಸಿದೆ. ಅವರು ತಲೆಯಾಡಿಸಿ ಬೇರೆಯವರಿಗೆ ಕೊಟ್ಟರು. ಅಪ್ಪನ ಕೈಬರಹವನ್ನು ಓದದೆ ಬಿಟ್ಟದ್ದು ಅದೊಂದೇ ಸಲ.

ಈಗ ನಾನು ಶಿವಮೊಗ್ಗದ ಕೋರ್ಟಿನಲ್ಲಿ ವಕೀಲೆ. ಲಾ ಕಾಲೇಜಿನ ಹುಡುಗಿಯರು ಬಂದು, "ಮೇಡಂ, ದೊಡ್ಡ ಫರ್ಮಿಗೆ ಹೋಗ್ಲೋ ಬೇಡ್ವೋ ಗೊತ್ತಾಗ್ತಿಲ್ಲ, ಕ್ಲರ್ಕ್‌ಶಿಪ್ಪಿಗೆ ಹಾಕ್ಲಾ?" ಎಂದು ಕೇಳುತ್ತಾರೆ. ಫರ್ಮು ಬೇಕೇಬೇಕು ಅನ್ನಿಸಿದರೆ ಕಣ್ಣುಮುಚ್ಚಿ ಹೋಗಿ, ಗೊತ್ತಿಲ್ಲ ಅನ್ನಿಸಿದರೆ ಅರ್ಜಿ ಹಾಕಿ ಎನ್ನುತ್ತೇನೆ. ಆ ವರ್ಷ ನಿಮಗೆ ಉತ್ತರ ಕೊಡುತ್ತದೆಂದು ನಾನು ಭರವಸೆ ಕೊಡಲಾರೆ. ನನ್ನ ಜೊತೆಯಲ್ಲಿದ್ದ ಒಬ್ಬಳು ವರ್ಷ ಮುಗಿಸಿ ನೇರ ಫರ್ಮಿಗೇ ಹೋದಳು, ಸುಖವಾಗಿದ್ದಾಳೆ. ಆದರೆ ಗೊತ್ತಿಲ್ಲ ಎನ್ನುವುದನ್ನು ಗಟ್ಟಿಯಾಗಿ ಹೇಳಲು ಅಲ್ಲಿ ಕಲಿಯುತ್ತೀರಿ. ನನಗೆ ಅದೇ ಕಷ್ಟವಾಗಿತ್ತು. ಮತ್ತೆ ಸ್ಟಾಂಪ್ ಅಂಟಿಸಬೇಡಿ ಎಂದೂ ಸೇರಿಸುತ್ತೇನೆ. ಅವರಿಗೆ ಅರ್ಥವಾಗುವುದಿಲ್ಲ.

ಹೈಕೋರ್ಟಿನ ಆ ವರ್ಷ ಮುಗಿದ ದಿನ ಕಚೇರಿಯವರು ಅನುಭವ ಪತ್ರ ಕೊಟ್ಟರು. ನಾನು ಕೇಳಿಕೊಂಡದ್ದಕ್ಕೆ ನನ್ನ ಅರ್ಜಿಯ ಮೊದಲ ಪುಟದ ಜೆರಾಕ್ಸನ್ನೂ ಕೊಟ್ಟರು. ಬಾಯಿಂದ ಹೇಳಲಾಗದ್ದನ್ನು ಹೇಳಲು ನನಗೆ ಆ ಹಾಳೆ ಬೇಕಿತ್ತು.

ಜನ್ನಾಪುರಕ್ಕೆ ಬಂದಾಗ ಹತ್ತು ಗಂಟೆ, ಭಾನುವಾರ. ಅಪ್ಪ ಅನುಭವ ಪತ್ರವನ್ನು ಮೊದಲು ಓದಿದ, ಅಮ್ಮನಿಗೂ ಓದಿ ಹೇಳಿದ. ಆಮೇಲೆ ಜೆರಾಕ್ಸ್ ಕೈಗೆ ತೆಗೆದುಕೊಂಡ. ಹೆಸರು, ವಿಳಾಸ, ಹುಟ್ಟಿದ ದಿನ. ಬೆರಳು ಆರನೇ ಕಾಲಮ್ಮಿಗೆ ಬಂದು ನಿಂತಿತು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಓದಿದ.

"ಯಾವಾಗ ತಿದ್ದಿದ್ದು?"

"ಅವತ್ತೇ ಅಪ್ಪ. ಜಡ್ಜ್ ಮುಂದೇನೇ. ಅವರ ಪೆನ್ನಲ್ಲೇ."

ಅಪ್ಪ ಪಕ್ಕದ ಸಣ್ಣ ಸಹಿಯ ಮೇಲೆ ಬೆರಳಾಡಿಸಿದ. ಎದ್ದು ಹೋಗಿ ಕ್ಯಾಲೆಂಡರಿನಿಂದ ದಬ್ಬಣ ಕಿತ್ತುಕೊಂಡು, ದಾರ ಹರಿದುಕೊಂಡು ಬಂದು ಚಾಪೆಯ ಮೇಲೆ ಕೂತ.

"ಒಂದೇ ಹಾಳೆ ಅಪ್ಪ, ಹೊಲಿಯೋಕೆ ಏನಿದೆ ಅದ್ರಲ್ಲಿ?" ಎಂದೆ.

"ಇರ್ಲಿ ಬಿಡಮ್ಮ. ಕಳೆದೋಗ್ಬಾರ್ದು" ಎಂದ. ಅವನ ಕಣ್ಣಿಗೆ ದಬ್ಬಣದ ತೂತು ಕಾಣಿಸುತ್ತಿರಲಿಲ್ಲ. ದಾರ ನಾನೇ ಪೋಣಿಸಿ ಕೊಟ್ಟೆ.